ನಾಲ್ಕು ಗಂಟೆಯ ‘ಟಕ್’

ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು. ಪುಟ್ಟಮಾದಪ್ಪ ಅಂತ. ರಿಟೈರಾಗಿ ಒಂಬತ್ತು ವರ್ಷವಾಗಿತ್ತು.

ಅವರ ಮನೆಯ ಹಜಾರದಲ್ಲಿ ಎರಡಡಿ ಉದ್ದದ ಒಂದು ಅಕ್ವೇರಿಯಂ. ಮೀನು ಆರೇ ಆರು... ಮಿಕ್ಕಿದ್ದೆಲ್ಲ ಗಿಡ.

ಅದು ಅವರ ಹೆಂಡತಿ ಸರ್ವಮಂಗಳ ಅವರ ತೊಟ್ಟಿ. ಮೇಷ್ಟ್ರ ಕಾಲೇಜಿನಲ್ಲೇ ಬಾಟನಿ ಪಾಠ ಮಾಡಿದವರು. ರಿಟೈರಾದ ದಿನ ಲ್ಯಾಬಿನಿಂದ ರಿಬ್ಬನ್ನಿನಂಥ ಎಲೆಯ ಒಂದು ನೀರುಗಿಡವನ್ನು ಒದ್ದೆ ಪೇಪರಿನಲ್ಲಿ ಸುತ್ತಿ ತಂದಿದ್ದರು. ತೊಟ್ಟಿ ಶುರುವಾದದ್ದೇ ಅದರಿಂದ.

ಅವರು ಹೋಗಿ ಏಳು ತಿಂಗಳಾಗಿತ್ತು...

ಆ ಏಳು ತಿಂಗಳಲ್ಲಿ ತೊಟ್ಟಿಗೆ ಪಾಚಿ ಹಿಡಿಯಿತು. ಮೊದಲು ಗಾಜಿನ ಮೇಲೆ ಹಸಿರು ಮಂಜು. ಆಮೇಲೆ ಎಲೆಗಳ ಮೇಲೆ ಕೂದಲಿನಂಥ ಎಳೆ. ಗಿಡಗಳು ಒಂದೊಂದಾಗಿ ಕೊಳೆತವು.

ಮೇಷ್ಟ್ರು ಸುಲಭಕ್ಕೆ ಬಿಡುವವರಲ್ಲ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಾಯಿಸಿದರು. ಹಳೇ ಟೂತ್‌ಬ್ರಷ್ ಹಿಡಿದು ಗಾಜು ಉಜ್ಜಿದರು. ನೈಟ್ರೇಟ್ ಎಷ್ಟು, ಫಾಸ್ಫೇಟ್ ಎಷ್ಟು ಅಂತ ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟರು.

ಗ್ರಾಫಿನಲ್ಲಿ ಎಲ್ಲವೂ ಸರಿ... ತೊಟ್ಟಿಯಲ್ಲಿ ಮಾತ್ರ ಪಾಚಿ.

ಕೊನೆಗೆ ಉಳಿದದ್ದು ಆ ಲ್ಯಾಬಿನ ಗಿಡ ಒಂದೇ. ಅದರಲ್ಲೂ ಹಸಿರಾಗಿದ್ದದ್ದು ಎರಡೇ ಎಲೆ. ಅದೂ ಹೋದರೆ ಅವಳು ನೆಟ್ಟದ್ದು ಮನೆಯಲ್ಲಿ ಏನೂ ಉಳಿಯುವುದಿಲ್ಲ...

ಮೇಷ್ಟ್ರು ಪಾಚಿ ಹಿಡಿದ ಒಂದು ಎಲೆಯನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಫಿಲೋಮಿನಾ ಅವರ ಅಕ್ವೇರಿಯಂ ಅಂಗಡಿಗೆ ಹೋದರು. ಸರ್ವಮಂಗಳ ಎಂಟು ವರ್ಷ ಎಲ್ಲವನ್ನೂ ಕೊಂಡದ್ದು ಅಲ್ಲೇ.

“ಬನ್ನಿ ಸಾರ್... ಡಬ್ಬೀಲಿ ಏನು? ನನಗೆ ಊಟಾನಾ?”

“ಮೊದಲು ನೋಡಮ್ಮ, ಆಮೇಲೆ ನಗು. ಇದಕ್ಕೊಂದು ಔಷಧ ಕೊಡು. ಎಷ್ಟು ಸ್ಟ್ರಾಂಗ್ ಇದ್ರೂ ಸರಿ.”

“ಔಷಧ ಪಾಚಿ ಒಂದನ್ನೇ ಹುಡುಕಿ ಕೊಲ್ಲುತ್ತಾ ಸಾರ್? ಕೆಮಿಸ್ಟ್ರಿ ನಿಮ್ಮದೋ ನನ್ನದೋ?” ಫಿಲೋಮಿನಾ ಎಲೆಯನ್ನು ಬೆಳಕಿಗೆ ಹಿಡಿದರು. “ಲೈಟ್ ಎಷ್ಟು ಗಂಟೆ ಉರಿಯುತ್ತೆ?”

ಮೇಷ್ಟ್ರು ಪಕ್ಕದ ತೊಟ್ಟಿಯ ಮೀನು ನೋಡತೊಡಗಿದರು. “ಎಷ್ಟು ಬೇಕೋ ಅಷ್ಟು...”

“ನಂಬರ್ ಹೇಳಿ ಸಾರ್. ನಂಬರ್ ಇಲ್ಲದೆ ನೀವು ಮಾತಾಡಿದ್ದು ಇದೇ ಫಸ್ಟು.”

“...ಹದಿನಾರು.”

“ಅಯ್ಯೋ ದೇವರೇ! ಅಷ್ಟು ಬೆಳಕಿಗೆ ಪಾಚಿ ಬರದೆ ಇನ್ನೇನು? ಲೈಟ್ ಆರಿಸೋ ಆ ಟೈಮರ್ ಏನಾಯ್ತು? ಮೇಡಂ ನನ್ನ ಹತ್ರಾನೇ ತಗೊಂಡಿದ್ದು. ಕೆಟ್ಟೋಯ್ತಾ?”

“ಕೆಟ್ಟಿಲ್ಲ. ನಾನೇ ಕಿತ್ತಿಟ್ಟಿದ್ದೀನಿ.”

ಮೇಷ್ಟ್ರು ಖಾಲಿ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಮೆಲ್ಲಗೆ ಹೇಳಿದರು...

“ಸರಿಯಾಗಿ ನಾಲ್ಕು ಗಂಟೆಗೆ ಟಕ್ ಅನ್ನೋದು. ಲೈಟ್ ಆರೋದು. ಒಳಗಿಂದ ಅವಳು, ‘ಲೈಟ್ ಆರ್ತು ರೀ... ಬನ್ನಿ, ಕಾಫಿ’ ಅನ್ನೋಳು. ಈಗ ಟಕ್ ಅಂದ ಮೇಲೆ... ಏನೂ ಕೇಳಿಸಲ್ಲಮ್ಮ.”

ಫಿಲೋಮಿನಾ ಸ್ಟೂಲು ಎಳೆದು ಅವರನ್ನು ಕೂರಿಸಿದರು.

“ಸಾರ್, ಒಂದು ಮಾತು ಹೇಳ್ಲಾ? ಎಲ್ಲರೂ ಲೈಟನ್ನ ಸಂಜೆಗೆ ಇಟ್ಕೋತಾರೆ. ನೋಡೋಕೆ ಚೆಂದ ಅಂತ. ಮೇಡಂಗೂ ಹಾಗೇ ಹೇಳಿದ್ದೆ. ಬೇಡವೇ ಬೇಡ ಅಂದ್ರು.”

“ಯಾಕಂತೆ?”

“‘ನಮ್ಮವರು ಟೆಸ್ಟ್ ಟ್ಯೂಬ್ ಹಿಡಿದು ತೊಟ್ಟಿ ಮುಂದೆ ಕೂತ್ರೆ ಏಳೋದೇ ಇಲ್ಲ ಫಿಲೋಮಿನಾ. ನಾಲ್ಕಕ್ಕೆ ಲೈಟ್ ಆರಿದ್ರೆ ತಾನೇ ನನ್ನ ಪಕ್ಕ ಬಂದು ಕೂರೋದು’ ಅಂದ್ರು... ಆ ಟೈಮರ್ ಗಿಡಕ್ಕಲ್ಲ ಸಾರ್. ನಿಮಗೆ ಇಟ್ಟಿದ್ದು.”

ಮೇಷ್ಟ್ರು ಕನ್ನಡಕ ತೆಗೆದರು. ತುಂಬ ಹೊತ್ತು ಒರೆಸಿದರು...

ಫಿಲೋಮಿನಾ ಹೇಳಿದ ಹಾಗೆಯೇ, ಕೈಗೆ ಸಿಕ್ಕಷ್ಟು ಪಾಚಿ ಎಳೆದು ತೆಗೆದು ತೊಟ್ಟಿಯನ್ನು ಮೂರು ದಿನ ಮುಚ್ಚಿಟ್ಟರು. ಲೈಟಿಲ್ಲ. ಗಾಳಿಯ ಪಂಪ್ ಮಾತ್ರ ಓಡುತ್ತಿತ್ತು. ಕೂಡಿಟ್ಟುಕೊಂಡ ಶಕ್ತಿಯಲ್ಲಿ ಗಿಡ ಅಷ್ಟು ಕತ್ತಲೆ ತಡೆಯುತ್ತದೆ. ಪಾಚಿಗೆ ಅದು ಕಷ್ಟ.

ಹೊದಿಸಿದ್ದು ಸರ್ವಮಂಗಳ ಅವರ ನೀಲಿ ಕಾಟನ್ ಸೀರೆ... ನಾಲ್ಕು ಮಡಿಕೆ ಮಾಡಿ.

ಆ ಮೂರು ದಿನ ಸೀರೆಯ ಮುಂದೆ ಕೂತ ಮೇಷ್ಟ್ರಿಗೆ ಹಳೆಯ ಲ್ಯಾಬ್ ನೆನಪಾಯಿತು. ಬಾಟನಿ ಲ್ಯಾಬಿನ ಕಿಟಕಿಯ ಬಿಸಿಲಲ್ಲಿ ಬೀಕರು, ಒಳಗೆ ನೀರುಗಿಡ. ಅದರಿಂದ ಏಳುವ ಗಾಳಿಗುಳ್ಳೆಗಳನ್ನು ಎಣಿಸಲು ಅವಳು ಹುಡುಗರಿಗೆ ಹೇಳುತ್ತಿದ್ದಳು. ಪಿಪೆಟ್ ಕೇಳುವ ನೆಪದಲ್ಲಿ ಹೋದ ಇವರೂ ನಿಂತು ಎಣಿಸುತ್ತಿದ್ದರು.

“ಪಿಪೆಟ್ ಕೊಟ್ಟು ಹತ್ತು ನಿಮಿಷ ಆಯ್ತು ಮೇಷ್ಟ್ರೇ...” ಅನ್ನುತ್ತಿದ್ದಳು. ಆಗಿನ್ನೂ ಮದುವೆಯಾಗಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಸೀರೆ ತೆಗೆದರು. ಪಾಚಿ ಬೂದಿ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಬಿಟ್ಟುಬರುತ್ತಿತ್ತು. ಎರಡು ಹಸಿರೆಲೆಗಳ ನಡುವೆ... ಉಗುರಿನಷ್ಟು ಒಂದು ಚಿಗುರು.

ಸತ್ತ ಪಾಚಿ ತೆಗೆದು, ಅರ್ಧ ನೀರು ಬದಲಾಯಿಸಿ, ಬೀರುವಿನಿಂದ ಟೈಮರ್ ತಂದು ಸಿಕ್ಕಿಸಿದರು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕು. ಅವಳು ಇಟ್ಟದ್ದು ಹಾಗೇ ಇತ್ತು.

ಮೂರೂವರೆಯಿಂದಲೇ ಮೇಷ್ಟ್ರು ತೊಟ್ಟಿಯ ಮುಂದೆ ಕೂತಿದ್ದರು.

ಟಕ್.

ಲೈಟ್ ಆರಿತು. ಮನೆಯೆಲ್ಲ ನಿಶ್ಶಬ್ದ...

ಮೇಷ್ಟ್ರು ಮಂಡಿ ಹಿಡಿದುಕೊಂಡು ಎದ್ದರು. ಅಡುಗೆಮನೆಯ ಕಡೆ ನೋಡಿ ಹೇಳಿದರು...

“ಬಂದೆ ಕಣೇ.”

ಜೀವನದಲ್ಲಿ ಮೊದಲ ಸಲ ಫಿಲ್ಟರಿಗೆ ತಾವೇ ಪುಡಿ ಹಾಕಿದರು. ಡಿಕಾಕ್ಷನ್ ನೀರಿನ ಹಾಗಿತ್ತು. ಆದರೂ ಲೋಟ ಹಿಡಿದು ಜಗುಲಿಗೆ ಹೋಗಿ ಇಬ್ಬರೂ ಕೂರುತ್ತಿದ್ದ ಬೆಂಚಿನ ತಮ್ಮ ಕಡೆಯಲ್ಲಿ ಕೂತು, ಪೂರ್ತಿ ಕುಡಿದರು.

ಈಗ ಆ ಗಿಡದ ಎಲೆ ನೀರಿನ ಮೇಲ್ಮೈ ಮುಟ್ಟಿದೆ. ಮೊನ್ನೆ ಅದರ ಒಂದು ಮರಿಗಿಡವನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಫಿಲೋಮಿನಾಗೆ ಕೊಟ್ಟುಬಂದರು. ಹಿಂದಿನ ಗಾಜಿನಲ್ಲಿ ಒಂದಿಷ್ಟು ಪಾಚಿ ಇನ್ನೂ ಇದೆ... ಅದನ್ನು ಮೇಷ್ಟ್ರು ಉಜ್ಜಲು ಹೋಗುವುದಿಲ್ಲ.

*

ಆರಲು ಬಿಡದ ಬೆಳಕಿನಲ್ಲಿ ನೆನಪೂ ಪಾಚಿಗಟ್ಟುತ್ತದೆ. ಅದಕ್ಕೂ ದಿನಕ್ಕಿಷ್ಟು ಕತ್ತಲೆ ಕೊಟ್ಟರೆ ಮತ್ತೆ ಚಿಗುರುತ್ತದೆ.

ನೋವಾಗುತ್ತದೆ ಅಂತ ನೀವು ಕಿತ್ತು ಬೀರುವಿನಲ್ಲಿಟ್ಟ ಟೈಮರ್ ಯಾವುದು...?