ಕಮ್ಮಿ ಬಿದ್ದ ಇಪ್ಪತ್ತನಾಲ್ಕು

ಅರವತ್ತು ದಾಟಿದವರು ತಲೆಯಿಂದ ಒಂದು ಟೆರಾಬೈಟ್ ನೆನಪನ್ನು ಸರ್ಕಾರಕ್ಕೆ ಬಿಟ್ಟುಕೊಡಬೇಕು. ಗಂಡ ಫಕೀರಪ್ಪ ಏನೇನು ಮರೆಯಬೇಕೆಂದು ಕಿರಾಣಿ ಅಂಗಡಿಯ ನೀಲವ್ವ ಮನೆಯಲ್ಲೇ ಲೆಕ್ಕ ಹಾಕಿದ್ದಳು: ನೂಲಿನ ಗಿರಣಿಯ ನೌಕರಿ, ದಾಯಾದಿಗಳ ಜಗಳ, ನೋಡಿದ ಸಿನಿಮಾಗಳು. ಸರಿಯಾಗಿ ಸಾವಿರ ಜಿಬಿ.

ನೆನಪು ತೆಗೆಯುವ ಸರ್ಕಾರಿ ಕಚೇರಿಯಲ್ಲಿ ಫಕೀರಪ್ಪ ಮಷೀನಿನ ಕೋಣೆಯೊಳಗೆ ಹೋದ ಮೇಲೆ ಕೌಂಟರಿನ ಹುಡುಗಿ ಪಟ್ಟಿ ನೋಡಿ ಕೇಳಿದಳು, “ಇಪ್ಪತ್ನಾಲ್ಕು ಜಿಬಿ ಕಮ್ಮಿ ಐತಲ್ರಿ?”

“ಸಾವಿರ ಗ್ರಾಮಿಗೆ ಕಿಲೋ, ಸಾವಿರ ಜಿಬಿಗೆ ಟೆರಾ. ಜನ್ಮವೆಲ್ಲ ತೂಗೇನವ್ವಾ ನಾ.”

“ಇಲ್ಲಿ ಟೆರಾಕ್ಕ ಸಾವಿರದ ಇಪ್ಪತ್ನಾಲ್ಕುರಿ. ಇರಲಿ ಬಿಡ್ರಿ, ಕಮ್ಮಿ ಬಿದ್ದದ್ದನ್ನ ಮಷೀನ್ ತಾನೇ ಆರಿಸಿ ತಗೋತೈತಿ.”

ನೀಲವ್ವ ಬಾಗಿಲಿಗೆ ಓಡಿದಳು. ಅದು ಆಗಲೇ ತೆರೆದಿತ್ತು. ಹೊರಬಂದ ಫಕೀರಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮರ್ಯಾದೆಯಿಂದ ಕೇಳಿದ:

“ಮುಂದಿನ ಪಾಳಿ ನಿಮ್ದೇನ್ರಿ, ಅಕ್ಕಾರ?”