ಮುಟ್ಟಿದರೆ ಕೆಳಗೆ

“ಟೀಚರ್, ನಿಮ್ಮ ತಂದೆಯವರ ಹೆಸರು ಮತ್ತೆ ಕೊನೆಗೆ ಹೋಗಿದೆ,” ಎಂದು ಕೌಂಟರಿನಾಕೆ ಪರದೆಯಿಂದ ಮುಖ ಎತ್ತದೆಯೇ ಹೇಳಿದಳು.

ಟೀಚರಮ್ಮ ಜಗಳವಾಡಲಿಲ್ಲ. ಆ ಶಕ್ತಿಯೆಲ್ಲ ಹಿಂದಿನ ಭೇಟಿಗಳಲ್ಲೇ ಖರ್ಚಾಗಿ ಹೋಗಿತ್ತು. ಪ್ರತಿ ತಿಂಗಳೂ ಅರ್ಧ ದಿನ ರಜೆ ಹಾಕಿ, ಬಸ್ಸು ಬದಲಾಯಿಸಿಕೊಂಡು ಈ ಕಣ್ಣಿನ ಆಸ್ಪತ್ರೆಗೆ ಬರುವುದು, ಅಪ್ಪನ ಹೆಸರು, ವಯಸ್ಸು, ಫೋನ್ ನಂಬರು ಸರಿ ಇದೆಯಾ ಎಂದು ನೋಡಿಸಿಕೊಂಡು ಹೋಗುವುದು. ಒಂದು ತಿಂಗಳೂ ತಪ್ಪಿಸಿರಲಿಲ್ಲ. ಅಪ್ಪನ ಒಂದು ಕಣ್ಣು ಆಗಲೇ ಹೋಗಿತ್ತು. ಆಪರೇಷನ್ ಇನ್ನೂ ತಡವಾದರೆ ಇನ್ನೊಂದೂ ಕೈಕೊಡುತ್ತದೆ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

“ನಮ್ಮ ಪಕ್ಕದ ಮನೆ ಅಜ್ಜಿ ನಮಗಿಂತ ಎಷ್ಟೋ ಆಮೇಲೆ ಹೆಸರು ಬರೆಸಿದ್ದು. ಬರೆಸಿ ಹೋದವರು ಮತ್ತೆ ಈ ಕಡೆ ತಲೆನೂ ಹಾಕ್ಲಿಲ್ಲ. ಈಗ ಆಪರೇಷನ್ ಆಗಿ ಸೂಜಿಗೆ ದಾರ ಪೋಣಿಸ್ತಾ ಕೂತಿದಾರೆ. ನಾನು ಇಷ್ಟು ಸಲ ಬಂದ್ರೂ ನಮ್ಮಪ್ಪ ಯಾಕಮ್ಮ ಹಿಂದೆ ಹಿಂದೆ ಹೋಗ್ತಾರೆ?”

ಕೌಂಟರಿನಾಕೆ, ಕಾಯುತ್ತಿದ್ದ ಸಾಲನ್ನು ಹಾಗೇ ಬಿಟ್ಟು, ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಬಾಗಿಲ ಮೇಲೆ ಕಂಪ್ಯೂಟರ್ ವಿಭಾಗ ಎಂದು ದೊಡ್ಡದಾಗಿ ಬರೆದಿದ್ದರೂ ಒಳಗೆ ಇದ್ದವನು ಒಬ್ಬನೇ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಅವನೇ, ಸರ್ವರ್ ಮಲಗಿದರೂ ಅವನೇ.

“ಅಣ್ಣಾ, ಇವರದು ಇನ್ನೊಂದ್ಸಲ ನೋಡು.”

“ಪ್ರೋಗ್ರಾಮ್ ಪೂರ್ತಿ ಜಾಲಾಡಿದೀನಿ ಕಣಮ್ಮ. ಎಐ ಕೈಲೂ ಓದಿಸಿದೀನಿ. ಎಲ್ಲೂ ಏನೂ ಇಲ್ಲ,” ಎಂದ. ಎಂದವನು ಆದರೂ ಕುರ್ಚಿ ಎಳೆದುಕೊಂಡ. ಡೇಟಾಬೇಸಿನ ಹೊಟ್ಟೆಯೊಳಗೆ ಟ್ರಿಗರ್ ಎನ್ನುವ ಪುಟ್ಟ ಆಜ್ಞೆಗಳು ಅಡಗಿ ಕೂತಿರುತ್ತವೆ. ಯಾರಾದರೂ ಒಂದು ದಾಖಲೆಯನ್ನು ಮುಟ್ಟಿದರೆ ಸಾಕು, ಯಾರೂ ಕರೆಯದೆ ತಾವೇ ಕೆಲಸಕ್ಕಿಳಿಯುತ್ತವೆ. ಅವುಗಳ ಮೂಲ ಕೋಡನ್ನು ಹೊರಗೆ ತಂದು ಓದುವ ಹೊಸ ಟೂಲ್ ಒಂದು ಈ ವಾರವಷ್ಟೇ ಅವನ ಎಐ ಸಹಾಯಕನ ಕೈಸೇರಿತ್ತು. ಕಾಯುವವರ ಪಟ್ಟಿಗೆ ಅಂಥದ್ದೇನಾದರೂ ಅಂಟಿಕೊಂಡಿದೆಯಾ ನೋಡು ಎಂದು ಟೈಪ್ ಮಾಡಿದ.

ಉತ್ತರ ಬಂತು. ಅವನು ಓದಿ ಹೇಳಿದ: “ಒಂದು ಟ್ರಿಗರ್ ಇದೆ. ದಾಖಲೆಯನ್ನು ಸೇವ್ ಮಾಡಿದಾಗಲೆಲ್ಲ, ಏನೂ ಬದಲಾಗದಿದ್ದರೂ, ಅದು ಹೆಸರು ಬರೆಸಿದ ದಿನಾಂಕವನ್ನು ಅಳಿಸಿ ಅಂದಿನ ದಿನಾಂಕ ಹಾಕುತ್ತದೆ. ಸರದಿ ನಿರ್ಧಾರವಾಗುವುದು ಅದೇ ದಿನಾಂಕದಿಂದ.” ಆಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. “ಯಾವ ಪುಣ್ಯಾತ್ಮ ಬರೆದಿಟ್ಟು ಹೋದನೋ.”

ಕೌಂಟರಿನಾಕೆ ಟೀಚರಮ್ಮನ ಕಡೆ ತಿರುಗಿದಳು. “ನಾನು ಪ್ರತಿ ಸಲ ಸೇವ್ ಒತ್ತಿದೀನಿ ಟೀಚರ್. ತಿದ್ದೋದು ಏನೂ ಇಲ್ಲದಿದ್ರೂ ಒತ್ತಿದೀನಿ. ಒತ್ತಿದ್ರೆ ಹಸಿರು ಗುರುತು ಬರುತ್ತಲ್ಲ, ಅದನ್ನ ನೋಡಿ ನಿಮಗೊಂದು ಸಮಾಧಾನ ಆಗ್ಲಿ ಅಂತ…”

“ಅಂದ್ರೆ ನಾನು ಬರದೇ ಇದ್ದಿದ್ರೆ?” ಎಂದಳು ಟೀಚರಮ್ಮ.

ಅವಳಿಗೆ ಅಳು ಬಂತು. ಅಪ್ಪನ ಕಣ್ಣಿಗೆ ತಾನೇ ಅಡ್ಡ ನಿಂತಿದ್ದೆ ಎನ್ನುವ ಸಂಕಟಕ್ಕೆ ಗೋಡೆಗೆ ಒರಗಿ ನಿಂತಳು.

ಕೌಂಟರಿನಾಕೆ ತಡೆಯಲಾರದೆ ಕೀಲಿಮಣೆ ಎಳೆದುಕೊಂಡಳು. ಹೆಸರು ಬರೆಸಿದ ದಿನ ಕೊಟ್ಟಿದ್ದ ಕಾರ್ಡು ಟೀಚರಮ್ಮನ ಕೈಯಲ್ಲಿತ್ತು, ಅದನ್ನು ನೋಡಿ ಹಳೆಯ ದಿನಾಂಕವನ್ನು ಟೈಪ್ ಮಾಡಿ, ಸೇವ್ ಒತ್ತಿದಳು. ಹಸಿರು ಗುರುತು ಬಂತು. ಅದರ ಪಕ್ಕದಲ್ಲೇ ಇವತ್ತಿನ ದಿನಾಂಕವೂ ಬಂತು.

“ಮುಟ್ಟಬೇಡಮ್ಮ!” ಅವನು ಅವಳ ಕೈ ಸರಿಸಿದ. “ಮೊದಲು ಟ್ರಿಗರ್ ತೆಗೀಬೇಕು.”

“ಹಾಗಾದ್ರೆ ಆ ಎಐಗೇ ತೆಗೆಯೋಕೆ ಹೇಳು.”

“ಅದಕ್ಕೆ ಓದೋಕೆ ಮಾತ್ರ ಅನುಮತಿ. ತೆಗೆಯೋಕೆ ಮೇಲಿನವರು ಒಪ್ಪಬೇಕು. ಈಗಲೇ ಬರೀತೀನಿ. ಒಪ್ಪಿದ ಮೇಲೆ ಹಳೆ ಬ್ಯಾಕಪ್‌ನಿಂದ ಎಲ್ಲರ ದಿನಾಂಕನೂ ವಾಪಸ್ ಹಾಕ್ತೀನಿ.” ಟೀಚರಮ್ಮನ ಕಡೆ ತಿರುಗಿದ. “ಅಲ್ಲೀತನಕ ನೀವು ಬರಬೇಡಿ. ದಯವಿಟ್ಟು ಏನೂ ಮಾಡಬೇಡಿ.”

ಅವಳು ಹೊರಗೆ ಬಂದಳು. ಕೌಂಟರಿನ ಮುಂದೆ ಸಾಲು ಗೋಡೆಯ ತನಕ ಬೆಳೆದಿತ್ತು. ಎಲ್ಲಾ ಪರಿಚಿತ ಮುಖಗಳೇ. ಗಂಡನ ಕೈಹಿಡಿದ ಹೆಂಡತಿ, ಅಮ್ಮನ ಫೈಲನ್ನು ಎದೆಗವಚಿಕೊಂಡ ಮಗ, ಪ್ರತಿ ತಿಂಗಳೂ ಬಂದು ನೋಡಿಸಿಕೊಂಡು ಹೋಗುವವರು. ಯಾರಿಗೆ ಮನೆಯವರ ಮೇಲೆ ಜೀವವೋ ಅವರೆಲ್ಲ ಅಲ್ಲಿದ್ದರು.

“ಮನೆಗೆ ಹೋಗಿ,” ಎಂದಳು. ಯಾರಿಗೂ ಕೇಳಿಸಲಿಲ್ಲ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. “ಇವತ್ತು ಯಾರೂ ನೋಡಿಸಬೇಡಿ. ನೋಡಿಸಿದಷ್ಟೂ ಹೆಸರು ಕೆಳಗೆ ಹೋಗುತ್ತೆ. ನಮ್ಮಪ್ಪಂದೂ ಹಾಗೇ ಆಗಿದ್ದು. ದಯವಿಟ್ಟು ಹೋಗಿ.”

ಸಾಲಿನ ಮುಂದಿದ್ದ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಗಂಡನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

“ಒಳಗೆ ಹೋಗಿ ತನ್ನ ಕೆಲಸ ಮಾಡಿಸ್ಕೊಂಡು ಬಂದ್ಲು. ಈಗ ನಮ್ಮನ್ನ ಮನೆಗೆ ಕಳಿಸ್ತಾಳೆ.”

ಕೌಂಟರಿನ ಖಾಲಿ ಕುರ್ಚಿಯ ಕಡೆಗೆ ಸಾಲು ಇನ್ನೊಂದು ಹೆಜ್ಜೆ ಒತ್ತಿಕೊಂಡಿತು.