ಅಡುಗೆಮನೆಯ ಬಿಸಿಲು

ಒಂದೇ ವಾರದಲ್ಲಿ ಐದನೇ ಸಲ ಅಸ್ಗೇರ್ ತನ್ನ ಹೆಂಡತಿಯ ತೆರಿಗೆ ಲೆಕ್ಕವನ್ನು ತೆರೆದು ನೋಡಿದ್ದ. ನಾರ್ವೆಯಲ್ಲಿ ಯಾರ ಆದಾಯವನ್ನು ಯಾರು ಬೇಕಾದರೂ ಇಣುಕಿ ನೋಡಬಹುದು. ಆದರೆ ಇಣುಕಿದವರ ಹೆಸರು ಅಲ್ಲೇ ಉಳಿಯುತ್ತದೆ. ಸೂಲ್‌ಫ್ರಿದ್ ಕಾಫಿ ಹೀರುತ್ತ ಆ ಪಟ್ಟಿ ನೋಡಿದಳು. ಐದು ಸಾಲು, ಐದರಲ್ಲೂ ಒಂದೇ ಹೆಸರು.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತಿದೆ ಅಕ್ಕಾ," ಎಂದು ಫೋನಿನಲ್ಲಿ ನಕ್ಕಳು. "ಡೈವೋರ್ಸ್ ಹರಾಜಲ್ಲಿ ಮನೆಗೆ ನಾನು ಎಷ್ಟರವರೆಗೆ ಕೂಗ್ತೀನಿ ಅಂತ ಅಂದಾಜು ಹಾಕ್ತಿದಾನೆ. ಪ್ರಾಣ ಹೋಗೋ ಅಷ್ಟು ಬೇಕು ಅವನಿಗೆ ಈ ಮನೆ."

"ನಿನಗೆ ಬೇಡ್ವೇನೆ?"

"ನನಗೆ ದುಡ್ಡು ಬೇಕು. ಸೆನ್ಯಾ ದ್ವೀಪದಲ್ಲಿ ನಿನ್ನ ಪಕ್ಕದ ಮನೆ ಮಾರಾಟಕ್ಕಿದೆಯಲ್ಲ, ಅದು ಬೇಕು. ಈ ಊರಿನ ಸಹವಾಸ ಸಾಕಾಗಿದೆ."

ಊರೆಂದರೆ ಓಸ್ಲೋ ಪಕ್ಕದ ಲೋರೆನ್ಸ್ಕೋಗ್. ಅಲ್ಲಿ ಈಗ ಮರಗಳಿಗಿಂತ ಕ್ರೇನುಗಳೇ ಹೆಚ್ಚು. ಮದುವೆಯಾದ ವರ್ಷ ಇಬ್ಬರ ಹೆಸರಿನಲ್ಲೂ ಕೊಂಡ ಮನೆಗೆ ಸೆಪ್ಟೆಂಬರಿನಲ್ಲಿ ಬೆಲೆ ಕಟ್ಟುವವನು ಬಂದು ಎಪ್ಪತ್ತೆಂಟು ಲಕ್ಷ ಕ್ರೋನ ಎಂದು ಬರೆದುಕೊಟ್ಟಿದ್ದ.

ನವೆಂಬರಿನಲ್ಲಿ ಸೂಲ್‌ಫ್ರಿದ್‌ಳ ಹೆಸರಿಗೆ ಒಂದು ಲಕೋಟೆ ಬಂತು. ಎದುರಿನ ಖಾಲಿ ಜಾಗದಲ್ಲಿ ಏಳು ಅಂತಸ್ತಿನ ಕಟ್ಟಡ ಏಳಲಿದೆ, ತಕರಾರಿದ್ದರೆ ತಿಳಿಸಿ ಎಂದು ಕಟ್ಟುವವರು ಕಾನೂನಿನಂತೆ ನೆರೆಯವರಿಗೆ ಕಳಿಸಿದ ಪತ್ರ. ಜೊತೆಗೊಂದು ನಕ್ಷೆ, ಅದರಲ್ಲಿ ನೆರಳಿನ ಗೆರೆ. ಅಕ್ಟೋಬರಿನಿಂದ ಮಾರ್ಚಿನವರೆಗೆ ಅವಳ ಅಡುಗೆಮನೆಗೆ ಒಂದು ಚೂರೂ ಬಿಸಿಲು ಬೀಳುವುದಿಲ್ಲ. ಬಿಸಿಲಿಲ್ಲದ ಮನೆಯನ್ನು ಈ ದೇಶದಲ್ಲಿ ಯಾರೂ ಮೂಸಿ ಕೂಡ ನೋಡುವುದಿಲ್ಲ.

ಅವಳು ತಕರಾರು ಬರೆಯಲಿಲ್ಲ. ಪತ್ರವನ್ನು ಬಿಸ್ಕತ್ತಿನ ಡಬ್ಬಿಯ ತಳಕ್ಕೆ ಸೇರಿಸಿ ಮುಚ್ಚಳ ಹಾಕಿದಳು. ಅಸ್ಗೇರ್ ವಸಂತದಲ್ಲೇ ಸ್ಕೀಯಿಂಗ್ ಗೆಳತಿಯ ಮನೆಗೆ ಗಂಟುಮೂಟೆ ಕಟ್ಟಿದ್ದ. ಆಮೇಲೆ ಇತ್ತ ತಲೆ ಹಾಕಿರಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರಕ್ಕೆ ಬೆನ್ನು ತೋರಿಸಿದವನು ಇನ್ನುಳಿದ ಆಯುಷ್ಯವನ್ನು ಆ ಕತ್ತಲೆಯಲ್ಲೇ ಕಳೆಯಲಿ ಎಂದು ಶಪಿಸಿದಳು.

ಅವನ ಲೆಕ್ಕವನ್ನೂ ಅವಳು ನೋಡಿಸಿದ್ದಳು, ನೆರೆಮನೆಯ ಯೋರುನ್ ಕೈಯಿಂದ. ತನ್ನ ಹೆಸರು ಬೀಳಬಾರದಲ್ಲ! ಅಷ್ಟು ಬುದ್ಧಿ ಯಾರಿಗಾದರೂ ಇರುತ್ತದೆ. ಬ್ಯಾಂಕಿನ ಸಾಲ ಸೇರಿಸಿ ಅವನು ತೊಂಬತ್ತಾರು ಲಕ್ಷದವರೆಗೆ ಹೋಗಬಲ್ಲ ಎಂದು ಲೆಕ್ಕ ಹಾಕಿಕೊಂಡಳು.

ವಿಚ್ಛೇದನದ ಹಣಕಾಸು ಹೊಂದಿಸಿಕೊಡುವ ರಾಗ್ನಿಯ ಕಚೇರಿಗೆ ಅಸ್ಗೇರ್ ಬೆನ್ನುಚೀಲ ಹೊತ್ತು ಬಂದ. ಬಂದವನೇ ಎಣ್ಣೆಕಾಗದದಲ್ಲಿ ಸುತ್ತಿದ ಬ್ರೆಡ್ಡಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ಮನೆ ಬಿಡಿಸ್ಕೊಳ್ಳೋಕೆ ಬಂದಾಗ್ಲೂ ಬುತ್ತಿ ಕಟ್ಕೊಂಡು ಬಂದಿದೀಯ. ಜಿಪುಣ!" ಎಂದಳು ಸೂಲ್‌ಫ್ರಿದ್.

"ನೀನಿರೋ ಕಡೆ ಏನಾದ್ರೂ ತಿನ್ನೋಕೆ ಭಯ. ವಿಷ ಹಾಕಿದ್ರೆ?"

"ವಿಷ ದುಬಾರಿ ಕಣೋ. ನಿನಗ್ಯಾಕೆ ದಂಡ ಮಾಡ್ಲಿ?"

ರಾಗ್ನಿ ಕೆಮ್ಮಿದಳು. "ಇಬ್ಬರೂ ಸಹಿ ಹಾಕಿದೀರಿ. ಹೆಚ್ಚು ಕೂಗಿದವರಿಗೆ ಮನೆ. ಕೂಗಿದ್ದರಲ್ಲಿ ಅರ್ಧ ಇನ್ನೊಬ್ಬರಿಗೆ, ಮಾರ್ಚ್ ಮುಗಿಯೋದ್ರೊಳಗೆ. ಬಾಯಿಂದ ಬಂದ ಅಂಕಿ ವಾಪಸ್ ಹೋಗಲ್ಲ."

"ಆ ಅಡುಗೆಮನೆ ಬಿಸಿಲು ಬಿಟ್ಟು ನಾನು ಬದುಕಲ್ಲ," ಎಂದಳು ಸೂಲ್‌ಫ್ರಿದ್. ಕಣ್ಣಲ್ಲಿ ನೀರೂ ತರಿಸಿಕೊಂಡಳು. "ಎಂಬತ್ತು."

"ಆ ಬಿಸಿಲಿಗೋಸ್ಕರವೇ ನಾನೂ ಬಂದಿರೋದು," ಎಂದ ಅಸ್ಗೇರ್. "ಎಂಬತ್ತೆರಡು."

"ಎಂಬತ್ತೈದು."

"ಎಂಬತ್ತೆಂಟು." ಅವನ ಹಣೆಯಲ್ಲಿ ಬೆವರು. ಅದನ್ನು ಕಂಡು ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ತೊಂಬತ್ತು."

"ತೊಂಬತ್ತೊಂದು. ಸೂಲ್‌ಫ್ರಿದ್, ಬಿಟ್ಟುಬಿಡೇ. ಕೈ ಮುಗಿದು ಕೇಳ್ತೀನಿ."

ಕೈ ಮುಗಿದು ಕೇಳುತ್ತಾನೆಂದರೆ ಇನ್ನೂ ಕೊಡುತ್ತಾನೆ. ಇನ್ನೊಂದೇ ಮೆಟ್ಟಿಲು, ಅವನು ತೊಂಬತ್ತೈದು ಎಂದ ಕೂಡಲೇ ಅಳುತ್ತ ಸೋಲೊಪ್ಪಿಕೊಳ್ಳುವುದೆಂದು ನಿರ್ಧರಿಸಿದಳು.

"ತೊಂಬತ್ತಮೂರು!"

ಅಸ್ಗೇರ್ ಹಣೆ ಒರೆಸಿಕೊಂಡ. ಪೆನ್ನಿನ ಮುಚ್ಚಳ ಹಾಕಿದ. "ನನ್ನ ಕೈಲಾಗಲ್ಲ. ಮನೆ ಅವಳಿಗೇ ಇರ್ಲಿ."

ರಾಗ್ನಿ ಬರೆದುಕೊಂಡಳು. "ಅಭಿನಂದನೆ. ನೀವು ಅವರಿಗೆ ಕೊಡಬೇಕಾದ್ದು ನಲವತ್ತಾರೂವರೆ ಲಕ್ಷ."

ಸೂಲ್‌ಫ್ರಿದ್ ಮನಸ್ಸಿನಲ್ಲೇ ಕೂಡಿ ಕಳೆದಳು. ಉಳಿಸಿದ್ದೆಲ್ಲ ಸುರಿದು ಸಾಲ ಮಾಡಿದರೂ ಸಾಲದು. ಸೆನ್ಯಾದ ಮನೆ ಸಮುದ್ರ ಸೇರಿತು.

"ನಿಲ್ಲು, ನಿಲ್ಲು. ಮನೆ ಬೇಕಾಗಿದ್ದು ನಿನಗೆ! ವಾರದಲ್ಲಿ ಐದು ಸಲ ನನ್ನ ಲೆಕ್ಕ ನೋಡಿದ್ದೀಯ. ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಿನ್ನ ಹೆಸರು ಬಿದ್ದಿದೆ ಅಲ್ಲಿ!"

"ಬೀಳ್ಲಿ ಅಂತಾನೇ ನೋಡಿದ್ದು," ಎಂದ ಅಸ್ಗೇರ್. "ಒಂದು ಸಲ ಸಾಕಿತ್ತು. ನೀನು ಗಮನಿಸದೇ ಹೋದ್ರೆ ಅಂತ ಐದು ಸಲ."

ಅವನು ನಿಧಾನವಾಗಿ ಬುತ್ತಿ ಬಿಚ್ಚಿದ. ಒಂದು ತುತ್ತು ಕಚ್ಚಿ, ಬೆನ್ನುಚೀಲದಿಂದ ಒಂದು ಲಕೋಟೆ ತೆಗೆದು ಅವಳ ಮುಂದೆ ಜಾರಿಸಿದ. ಅದೇ ಮುದ್ರೆ, ನವೆಂಬರಿನ ಅದೇ ತಾರೀಖು. ವಿಳಾಸದಲ್ಲಿ ಮಾತ್ರ ಅಸ್ಗೇರ್‌ನ ಹೆಸರು.

"ಪತ್ರ ಹಾಕೋದು ಮನೆಗೊಂದಲ್ಲ ಕಣೆ, ಮಾಲೀಕರಿಗೆ ಒಂದೊಂದು."